ಸತೀರ್ಥ್ಯರ ಸಮ್ಮಿಲನ

ಒಬ್ಬ ಗುರುವಿನ ಬಳಿಯಲ್ಲಿ ಕೂಡಿ ಓದಿದವರನ್ನು ಸಂಸ್ಕೃತದಲ್ಲಿ ‘ಸತೀರ್ಥ್ಯ’ರೆಂದು ಕರೆಯುವರು. ತೀರ್ಥವೆಂಬ ಶಬ್ದಕ್ಕೆ ನೀರಿಗಿಳಿಯುವ ಘಟ್ಟವೆಂಬ ಅರ್ಥವಿರುವಂತೆ ಗುರುವೆಂಬ ಅರ್ಥವೂ ಉಂಟು. ದಾಟಿಸುವ ಸ್ಥಳವು ತೀರ್ಥವಾದರೆ ದಾಟಿಸುವ ಪುರುಷನೂ ತೀರ್ಥವೇ. ಒಂದೇ ಘಟ್ಟದಲ್ಲಿ ಇಳಿದು ಒಂದೇ ಹೊಳೆಯನ್ನು ದಾಟಲೆಳಸಿದವರು ಸತೀರ್ಥ್ಯರು. ಅವರಲ್ಲಿ ಕೆಲವರು ಆಚೆಯ ದಡವನ್ನು ಮುಟ್ಟಿರಬಹುದು. ಕೆಲವರು ನಡುನೀರಿನಿಂದಲೇ ಹಿಂದಿರುಗಿರಬಹುದು. ಆದರೂ ಇಳಿದ ಘಟ್ಟವು ಒಂದೇ ಆದುದರಿಂದ ಅವರೆಲ್ಲರಿಗೂ ಹೆಸರು ಒಂದೇ. ಈ ಶಬ್ದಾರ್ಥವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಮಾತುಗಳನ್ನು ಓದಬೇಕೆಂದು ಪ್ರಾರ್ಥಿಸುವೆನು.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಈ ಸತೀರ್ಥ್ಯರು ಮತ್ತೆ ಒಂದೆಡೆಗೆ ಕೂಡುವ ಒಳ್ಳೆಯ ರೂಢಿಯೊಂದು ಬೆಳೆದು ಬಂದಿರುವದು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತು ಇಪ್ಪತ್ತೈದು ವರುಷಗಳು ತುಂಬಿದವೆಂದರೆ, ಆ ವರುಷದ ವಿದ್ಯಾರ್ಥಿಗಳಲ್ಲಿ ಉತ್ಸಾಹಿಗಳಾದ ನಾಲ್ವರು ಮುಂದಾಗಿ ವಾಟ್ಸಾಪಿನಲ್ಲಿ ಒಂದು ಬಳಗವನ್ನು ಕಟ್ಟುವರು. ಒಬ್ಬನಿಂದ ಇನ್ನೊಬ್ಬನ ಗುರ್ತು ಹತ್ತಿ, ಹತ್ತು ಜನರು ಇಪ್ಪತ್ತಾಗುವರು, ಇಪ್ಪತ್ತು ಜನರು ಐವತ್ತಾಗುವರು. ಒಂದು ರವಿವಾರವನ್ನು ಗೊತ್ತುಮಾಡಿ, ನಿವೃತ್ತರಾದ ಗುರುಗಳ ಮನೆಮನೆಗೆ ಹೋಗಿ ಆಮಂತ್ರಣವನ್ನು ಕೊಟ್ಟು ಬರುವರು. ‘ಗುರುವಂದನೆ ಹಾಗೂ ಸ್ನೇಹ ಸಮ್ಮಿಲನ’ವೆಂಬದು ಈ ಸಮಾರಂಭಕ್ಕೆ ರೂಢವಾಗಿರುವ ಹೆಸರು.

ಅಂದಿನ ಬೆಳಗಿನ ನೋಟವು ಎಂಥವರಿಗೂ ಹರ್ಷವನ್ನುಂಟುಮಾಡುವಂಥದು. ಶಾಲೆಯ ಬಾಗಿಲಿಗೆ ತಳಿರುತೋರಣವನ್ನು ಕಟ್ಟಿರುವರು. ಮೊದಲು ಉಪಾಹಾರ. ಶಿರಾ, ಉಪ್ಪಿಟ್ಟು, ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ, ಚಹ. ತಟ್ಟೆಗಳನ್ನು ಕೈಯಲ್ಲಿ ಹಿಡಿದು ನಿಂತಲ್ಲಿಯೇ ಮಾತು ಆರಂಭವಾಗುವದು. ತಲೆ ಬೋಳಾದವನನ್ನು ಗುರ್ತಿಸಲಾರದೆ ನಿಂತವನು ಅವನ ನಗೆಯನ್ನು ಕೇಳಿದೊಡನೆ ಶಾಲೆಯ ಕಾಲದ ಅಡ್ಡಹೆಸರಿನಿಂದ ಕೂಗಿ ಅಪ್ಪಿಕೊಳ್ಳುವನು. ಬಳಿಕ ಗಂಟೆಯನ್ನು ಬಾರಿಸುವರು; ಹಿಂದಿನಂತೆಯೇ ಸಾಲಾಗಿ ನಿಂತು ಪ್ರಾರ್ಥನೆ ಮಾಡುವರು; ಅಗಲಿದ ಗುರುಗಳನ್ನೂ ಗೆಳೆಯರನ್ನೂ ನೆನೆದು ಮೌನವನ್ನು ಆಚರಿಸುವರು; ಗುರುಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವನ್ನಿತ್ತು ನಮಸ್ಕರಿಸುವರು. ಇವೆಲ್ಲವೂ ಉಚಿತವಾದವುಗಳೇ. ಆದರೆ ವೇದಿಕೆಯ ಮೇಲಿನ ಭಾಷಣಗಳಿಗಿಂತ ಉಪಾಹಾರದ ಆ ಒಂದು ತಾಸೇ ಹೆಚ್ಚು ಸಾರವತ್ತಾದುದೆಂದು ನನ್ನ ಅಭಿಪ್ರಾಯವು.

ಆ ತಾಸಿನಲ್ಲಿ ಹೊರಬೀಳುವ ನೆನಪುಗಳಾದರೂ ಎಂಥವು! ಮೂರು ನಾಲ್ಕು ಮೈಲು ನಡೆದು ಬರುತ್ತಿದ್ದವರು ರೊಟ್ಟಿಯ ಬುತ್ತಿಯನ್ನು ಮರದ ಕೆಳಗೆ ಬಿಚ್ಚಿ ಹಂಚಿ ತಿಂದದ್ದು. ಒಬ್ಬಳು ತಂದ ಶೇಂಗಾ ಹಿಂಡಿಗೆ ಹತ್ತು ಕೈಗಳು ಚಾಚಿದ್ದು. ಒಂದೇ ಪುಸ್ತಕವನ್ನು ಮೂವರು ಸರತಿಯಿಂದ ಓದಿದ್ದು. ಈಗಿನ ಮಕ್ಕಳಿಗೆ ಇವು ಕಥೆಗಳಂತೆ ತೋರುವವು. ಅಕ್ಷರ ದಾಸೋಹದ ಬಿಸಿಯೂಟವು ನಮ್ಮ ಜಿಲ್ಲೆಯಲ್ಲಿ ಆರಂಭವಾದದ್ದು ೨೦೦೨ರಲ್ಲಿ, ಅದೂ ಮೊದಲು ಕೆಳಗಿನ ತರಗತಿಗಳಿಗೆ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು ಸೈಕಲ್ಲು ಕೊಡತೊಡಗಿದ್ದು ೨೦೦೬-೦೭ರಲ್ಲಿ. ಇಂದು ಇಪ್ಪತ್ತೈದನೆಯ ವರುಷದ ಸಮ್ಮಿಲನವನ್ನು ನಡೆಸುವವರಿಗೆ ತಮ್ಮ ಪ್ರೌಢಶಾಲೆಯ ದಿನಗಳಲ್ಲಿ ಈ ಎರಡು ಸೌಕರ್ಯಗಳೂ ಇರಲಿಲ್ಲ. ಅವರ ಓದಿಗೆ ಬುತ್ತಿಯೇ ದಾಸೋಹ, ಕಾಲುಗಳೇ ವಾಹನ.

ಇನ್ನೂ ಹಿಂದಕ್ಕೆ ನೋಡಿದರೆ, ಈ ಸೀಮೆಯಲ್ಲಿ ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತುವದೇ ಒಂದು ಸಾಹಸವಾಗಿದ್ದಿತು. ೧೯೪೮ರ ಸಪ್ಟಂಬರದವರೆಗೆ ನಮ್ಮ ನಾಲ್ಕು ತಾಲೂಕುಗಳೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅದರಲ್ಲಿಯೂ ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗ ನವಾಬರ ಜಹಗೀರಿಯಲ್ಲಿದ್ದವು. ಆಡಳಿತದ ಭಾಷೆಯೂ ಮೇಲಿನ ವಿದ್ಯೆಯ ಭಾಷೆಯೂ ಉರ್ದುವಾಗಿದ್ದಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯು ಆ ಭಾಷೆಯಲ್ಲಿಯೇ ನಡೆಯುತ್ತಿದ್ದಿತು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ೧೯೧೮ರಲ್ಲಿ ಹುಟ್ಟಿ ‘ಕಾವ್ಯಾನಂದ’ರೆಂದು ಹೆಸರಾದ ಸಿದ್ಧಯ್ಯ ಪುರಾಣಿಕರಂಥ ಕನ್ನಡದ ಕವಿಗಳೂ ಆ ವಿಶ್ವವಿದ್ಯಾಲಯದಲ್ಲಿಯೇ ಓದಬೇಕಾಯಿತು. ಇಂಥ ಕಾಲದಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಕನ್ನಡದ ದೀಪವನ್ನು ಕಾಪಾಡಿದವು. ಕೊಪ್ಪಳದ ಗವಿಮಠವು ಬಡ ಹುಡುಗರಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟು ಓದಿಸಿತು. ೧೯೫೬ರ ನವಂಬರ ೧ರಂದು ರಾಜ್ಯವು ಒಂದಾದ ಮೇಲೆ, ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ಹೊಲಗಳು ಭತ್ತದ ಗದ್ದೆಗಳಾದ ಮೇಲೆ, ಹಳ್ಳಿಹಳ್ಳಿಗೂ ಶಾಲೆಗಳು ಹರಡಿದವು. ಕಾಲುವೆಯ ಬದಿಯ ಕ್ಯಾಂಪುಗಳಿಂದ ಬಂದ ತೆಲುಗು ಮಾತಿನ ಮಕ್ಕಳು, ಉರ್ದು ಮಾತಿನ ಮಕ್ಕಳು, ತಾಂಡಾಗಳ ಮಕ್ಕಳು, ಕಪ್ಪು ನೆಲದ ಒಕ್ಕಲಿಗರ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡವನ್ನು ಕಲಿತರು. ೧೯೯೭ರಲ್ಲಿ ಈ ನಾಲ್ಕು ತಾಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ, ಆ ಬೆಂಚಿನ ಮೇಲೆ ಕುಳಿತಿದ್ದವರೇ ಇಂದಿನ ಸಮ್ಮಿಲನಗಳನ್ನು ನಡೆಸುವವರು.

ಇಷ್ಟು ದುರ್ಲಭವಾದ ವಿದ್ಯೆಯ ಘಟ್ಟಕ್ಕೆ ಬಂದವರನ್ನು ನೆನೆಯುವಾಗ ಒಂದು ಮಾತನ್ನು ವಿಚಾರಿಸುವದು ಅವಶ್ಯವು. ಸಮ್ಮಿಲನದ ದಿನ ತೆಗೆಯಿಸುವ ಛಾಯಾಚಿತ್ರವನ್ನೂ ಶಾಲೆಯ ಹಳೆಯ ಹಾಜರಿ ಪುಸ್ತಕವನ್ನೂ ಬದಿಬದಿಗೆ ಇಟ್ಟು ನೋಡಿರಿ. ಪುಸ್ತಕದಲ್ಲಿ ಎಂಬತ್ತು ಹೆಸರುಗಳಿದ್ದರೆ ಚಿತ್ರದಲ್ಲಿ ನಲವತ್ತು ಮುಖಗಳಿರುವವು. ಉಳಿದ ನಲವತ್ತು ಜನರು ಎಲ್ಲಿ? ಕೆಲವರು ತೀರಿಕೊಂಡಿರಬಹುದು. ಆದರೆ ಹೆಚ್ಚಿನವರು ಬದುಕಿಯೇ ಇರುವರು. ಅವರಲ್ಲಿ ಒಬ್ಬನು ಒಂಬತ್ತನೆಯ ತರಗತಿಯಲ್ಲಿಯೇ ಶಾಲೆಯನ್ನು ಬಿಟ್ಟು ತಂದೆತಾಯಿಗಳೊಡನೆ ಗುಳೆ ಹೋದವನು. ಒಬ್ಬಳು ಪರೀಕ್ಷೆಗೆ ಮೊದಲೇ ಲಗ್ನವಾಗಿ ಅತ್ತೆಯ ಮನೆಗೆ ಹೋದವಳು. ಇನ್ನೊಬ್ಬನು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಮುಖ ಮರೆಸಿಕೊಂಡವನು. ೨೦೦೧ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ೪೦ ಮಾತ್ರ. ೨೦೧೧ರಲ್ಲಿ ಅದು ಸುಮಾರು ೫೮ಕ್ಕೆ ಏರಿತು. ಅಂಥ ದಿನಗಳಲ್ಲಿ ಪ್ರೌಢಶಾಲೆಯವರೆಗೆ ಬಂದ ಒಬ್ಬ ಹುಡುಗಿಯು ನಡುವೆಯೇ ನಿಂತಳೆಂದರೆ ಅದು ಅವಳ ಸೋಲಲ್ಲ. ಅಲ್ಲಿಯವರೆಗೆ ಬಂದದ್ದೇ ಅವಳ ಗೆಲುವು.

ಬಾರದವರಿಂದ ಸಮ್ಮಿಲನಕ್ಕೆ ಏನು ನಷ್ಟವೆಂದು ಕೆಲವರು ಕೇಳಬಹುದು. ಯಲಬುರ್ಗಾ ಸೀಮೆಯ ಒಂದು ಗ್ರಾಮದಲ್ಲಿ ನಾನು ಕಂಡುದನ್ನು ಇಲ್ಲಿ ಹೇಳುವದು ಅಪ್ರಸ್ತುತವಾಗಲಾರದು. ದೊಡ್ಡ ಹುದ್ದೆಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿಯು ಉಪಾಹಾರದ ವೇಳೆಯಲ್ಲಿ ತನ್ನ ಅರ್ಧವಾರ್ಷಿಕ ಪರೀಕ್ಷೆಯ ದಿನದ ಕಥೆಯನ್ನು ಹೇಳುತ್ತಿದ್ದನು. ರಾತ್ರಿಯೆಲ್ಲ ಮಳೆಯಾಗಿ ಹಳ್ಳವು ಬಂದಿದ್ದಿತು. ಆದರೂ ತಾನು ಹೇಗೋ ದಾಟಿ ಬಂದು ಗಣಿತದ ಪರೀಕ್ಷೆಗೆ ಕುಳಿತೆನೆಂದು ಅವನು ಹೇಳಲು, ಎಲ್ಲರೂ ಅವನ ಧೈರ್ಯವನ್ನು ಹೊಗಳಿದರು. ಗೋಡೆಯ ಬದಿಗೆ ನಿಂತಿದ್ದ, ಗೌಂಡಿ ಕೆಲಸ ಮಾಡುವ ಇನ್ನೊಬ್ಬನು ಮೆಲ್ಲನೆ, “ಹೆಂಗೋ ದಾಟಿದ್ದಲ್ರಿ ಸಾಹೇಬ್ರ, ನನ್ನ ಹೆಗಲ ಮ್ಯಾಲ ಕುಂತು ದಾಟಿದ್ರಿ. ನಿಮ್ಮ ಪಾಟಿಚೀಲ ನನ್ನ ತಲಿ ಮ್ಯಾಲಿತ್ತು” ಎಂದನು. ಎಲ್ಲರೂ ಸುಮ್ಮನಾದರು. ಅಧಿಕಾರಿಯು ಅವನ ಮೋರೆಯನ್ನು ದಿಟ್ಟಿಸಿ ನೋಡಿ, “ಸಾಹೇಬ ಅನಬ್ಯಾಡಲೇ ನನಗ. ಖರೇ ಐತಿ, ನಾ ಮರ್ತಬಿಟ್ಟಿದ್ದೆ” ಎಂದು ಅವನ ಕೈಹಿಡಿದು ತನ್ನ ಬದಿಗೆ ಎಳೆದುಕೊಂಡನು. ಹಳ್ಳವನ್ನು ದಾಟಿಸಿದ ಆ ಹುಡುಗನು ಮುಂದೆ ವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿಯೇ ನಪಾಸಾಗಿದ್ದನು. ಸಮ್ಮಿಲನದವರ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ; ಶಾಲೆಯ ಹೊಸ ಕೋಣೆಯನ್ನು ಕಟ್ಟುವ ಕೆಲಸಕ್ಕೆ ಬಂದವನು ಗೆಳೆಯರನ್ನು ಕಂಡು ಅಲ್ಲಿ ನಿಂತಿದ್ದನು. ಅವನು ಅಂದು ಬಾರದೆ ಹೋಗಿದ್ದರೆ ಆ ಕಥೆಯು ಅರ್ಧ ಸುಳ್ಳಾಗಿಯೇ ಉಳಿಯುತ್ತಿದ್ದಿತು. ನಮ್ಮ ನೆನಪುಗಳ ಒಂದು ಭಾಗವು ಯಾವಾಗಲೂ ಇನ್ನೊಬ್ಬರ ಬಳಿಯಲ್ಲಿ ಇರುವದು.

ನಮ್ಮ ಪುರಾಣೇತಿಹಾಸಗಳಲ್ಲಿ ಸತೀರ್ಥ್ಯರ ಎರಡು ಭೇಟಿಗಳು ಪ್ರಸಿದ್ಧವಾಗಿರುವವು. ಭಾಗವತದ ಕುಚೇಲನು ದ್ವಾರಕೆಗೆ ಬಂದಾಗ ಶ್ರೀಕೃಷ್ಣನು ಅವನನ್ನು ತನ್ನ ಮಂಚದ ಮೇಲೆ ಕುಳ್ಳಿರಿಸಿ, ಸಾಂದೀಪನಿಗಳ ಆಶ್ರಮದಲ್ಲಿ ಗುರುಪತ್ನಿಯು ಕಟ್ಟಿಗೆಗೆ ಕಳಿಸಿದಾಗ ಬಿರುಗಾಳಿ ಮಳೆಗೆ ಸಿಕ್ಕು ರಾತ್ರಿಯೆಲ್ಲ ಕೈಕೈ ಹಿಡಿದು ಅಡವಿಯಲ್ಲಿ ಅಲೆದುದನ್ನು ತಾನಾಗಿ ನೆನೆದನು. ಗೆಳೆಯನು ನಾಚಿ ಬಚ್ಚಿಟ್ಟ ಅವಲಕ್ಕಿಯನ್ನು ತಾನೇ ಸೆಳೆದುಕೊಂಡು ತಿಂದನು. ಮಹಾಭಾರತದ ದ್ರೋಣನು ಬಡತನದಿಂದ ಬಾಲ್ಯಮಿತ್ರನಾದ ದ್ರುಪದನ ಬಳಿಗೆ ಹೋದಾಗ, ಸಮಾನರಲ್ಲದವರಿಗೆ ಸ್ನೇಹವೆಲ್ಲಿಯದೆಂದು ಆ ರಾಜನು ಹೀಯಾಳಿಸಿದನು. ಆ ಒಂದು ಮಾತಿನ ಫಲವಾಗಿ ದ್ರುಪದನು ಸೆರೆಸಿಕ್ಕಿ ಅರ್ಧರಾಜ್ಯವನ್ನು ಕಳೆದುಕೊಂಡನು. ವೈರವು ಕುರುಕ್ಷೇತ್ರದವರೆಗೂ ಬೆಳೆಯಿತು. ಒಂದು ಭೇಟಿಯಲ್ಲಿ ಹಿಡಿ ಅವಲಕ್ಕಿಯು ಸಂಪತ್ತಾಯಿತು, ಇನ್ನೊಂದರಲ್ಲಿ ರಾಜ್ಯವೇ ವಿಪತ್ತಾಯಿತು. ಪ್ರತಿಯೊಂದು ಸಮ್ಮಿಲನದ ಮುಂದೆಯೂ ಈ ಎರಡು ದಾರಿಗಳಿರುವವು.

ಆದ ಕಾರಣ ಸಮ್ಮಿಲನವನ್ನು ನಡೆಸುವವರಿಗೆ ಕೆಲವು ಸೂಚನೆಗಳನ್ನು ಮಾಡುವೆನು. ಮೊದಲನೆಯದಾಗಿ, ಕರೆಯುವ ಪಟ್ಟಿಯನ್ನು ತೇರ್ಗಡೆಯಾದವರಿಂದ ಆರಂಭಿಸದೆ ಎಂಟನೆಯ ತರಗತಿಯ ಹಾಜರಿ ಪುಸ್ತಕದಿಂದ ಆರಂಭಿಸಬೇಕು. ಒಂದು ದಿನವಾದರೂ ಆ ಬೆಂಚಿನ ಮೇಲೆ ಕುಳಿತವರೆಲ್ಲರೂ ಸತೀರ್ಥ್ಯರೇ. ಎರಡನೆಯದಾಗಿ, ದಿನವನ್ನು ಗೊತ್ತುಮಾಡುವಾಗ ನೌಕರರ ರಜೆಯನ್ನಷ್ಟೇ ನೋಡಬಾರದು. ಹೆಣ್ಣುಮಕ್ಕಳು ತವರಿಗೆ ಬರುವದು ನಾಗರಪಂಚಮಿಗೆ. ಮಂಗಳೂರು, ಗೋವೆ, ಬೆಂಗಳೂರುಗಳಿಗೆ ದುಡಿಯಲು ಹೋದವರು ಬರುವದು ಊರ ಜಾತ್ರೆಗೆ ಇಲ್ಲವೆ ಮೊಹರಮ್ಮಿಗೆ. ಆ ದಿನಗಳ ಬೆನ್ನಿಗೆ ಸಮ್ಮಿಲನವನ್ನು ಇಟ್ಟುಕೊಂಡರೆ ಅವರು ಬೇರೆ ಖರ್ಚಿಲ್ಲದೆ ಬರಬಲ್ಲರು.

ಮೂರನೆಯದಾಗಿ, ವಂತಿಗೆಯ ಮಾತು. ತಲೆಗೆ ಇಷ್ಟು ಸಾವಿರವೆಂದು ಗೊತ್ತುಮಾಡಿ, ಕೊಟ್ಟವರ ಹೆಸರುಗಳನ್ನು ಬಳಗದಲ್ಲಿ ದಿನವೂ ಪ್ರಕಟಿಸುವದರಿಂದ, ಕೊಡಲಾರದವನು ಏನೂ ಹೇಳದೆ ಹಿಂದೆ ಸರಿಯುವನು. ಕೊಡಬಲ್ಲವರು ಗುಪ್ತವಾಗಿ ಕೊಡಲಿ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರುಗಳಿಂದ ರೊಟ್ಟಿಗಳು ಬಂದು ಕೂಡುವದನ್ನು ನಾವೆಲ್ಲರೂ ಕಂಡಿರುವೆವು. ಯಾರ ಮನೆಯ ರೊಟ್ಟಿ ಯಾವದೆಂದು ಅಲ್ಲಿ ಯಾರೂ ಕೇಳುವದಿಲ್ಲ. ಅದರಂತೆಯೇ ಒಬ್ಬೊಬ್ಬರು ಒಂದೊಂದು ಬುತ್ತಿಯನ್ನು ತಂದು, ಶಾಲೆಯ ದಿನಗಳಂತೆ ಬಿಚ್ಚಿ ಹಂಚಿಕೊಂಡರೆ ಅದಕ್ಕಿಂತ ರುಚಿಯಾದ ಉಪಾಹಾರವು ಬೇರೊಂದಿಲ್ಲ. ವೇದಿಕೆಯ ಮೇಲೆ ಪರಿಚಯವನ್ನು ಹೇಳಿಕೊಳ್ಳುವಾಗಲೂ ಹುದ್ದೆ ಸಂಬಳಗಳನ್ನು ಬಿಟ್ಟು, ಹೆಸರು, ಊರು, ಮತ್ತು ತನಗೆ ಉಪಕಾರ ಮಾಡಿದ ಒಬ್ಬ ಸಹಪಾಠಿಯ ನೆನಪು, ಇಷ್ಟನ್ನೇ ಹೇಳಿದರೆ ಸಾಕು.

ಇನ್ನು ಮನೆಯ ಯಜಮಾನರಾದ ವಾಚಕರಲ್ಲಿ ಒಂದು ವಿಜ್ಞಾಪನೆ. ತಾವು ತಮ್ಮ ಸಮ್ಮಿಲನಕ್ಕೆ ಹೊರಡುವಾಗ ಮನೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳುವದಿಲ್ಲ. ತಮ್ಮ ಪತ್ನಿಯರಿಗೂ ಶಾಲೆಯೊಂದಿದ್ದಿತು, ಅವರಿಗೂ ಗೆಳತಿಯರಿದ್ದರು. ಲಗ್ನದ ತರುವಾಯ ಊರೂ ಬದಲಾಗಿ, ಗೆಳತಿಯರ ಗುರ್ತು ತಪ್ಪಿರುವದು. ಕರೆಯು ಬಂದಾಗ, “ಅಡಿಗಿ ಯಾರು ಮಾಡಬೇಕು, ಹುಡುಗ್ರನ್ನ ಯಾರು ನೋಡಬೇಕು” ಎಂಬ ಮಾತಿನಿಂದಲೇ ಆ ಕಾಗದವು ಮೂಲೆ ಸೇರುವದು. ಒಂದು ದಿನ ತಾವು ಮಕ್ಕಳನ್ನು ನೋಡಿಕೊಂಡು ಅವಳನ್ನು ಕಳಿಸಿಕೊಡಿರಿ. ಸಂಜೆ ಅವಳು ಮರಳಿ ಬಂದು ಮಕ್ಕಳಿಗೆ ಹೇಳುವ ತನ್ನ ಶಾಲೆಯ ಕಥೆಗಳು, ಅದರಲ್ಲಿಯೂ ಮಗಳಿಗೆ ಹೇಳುವ ಕಥೆಗಳು, ಯಾವ ಉಪದೇಶಕ್ಕಿಂತಲೂ ಹೆಚ್ಚು ಪರಿಣಾಮವನ್ನು ಮಾಡುವವು.

ಕಡೆಯದಾಗಿ, ಶಾಲೆಗೆ ಕೊಡುವ ಕಾಣಿಕೆ. ಹೆಸರು ಕೆತ್ತಿಸಿದ ಕಮಾನಿಗಿಂತ ಕುಡಿಯುವ ನೀರೂ ಹೆಣ್ಣುಮಕ್ಕಳ ಶೌಚಾಲಯವೂ ಮೇಲು; ಏನು ಬೇಕೆಂಬದನ್ನು ಮುಖ್ಯಾಧ್ಯಾಪಕರನ್ನೇ ಕೇಳುವದು ಯುಕ್ತವು. ಅದಕ್ಕಿಂತಲೂ ಹಿರಿದಾದ ಕಾಣಿಕೆಯೊಂದಿರುವದು. ಬಾಲ್ಯವಿವಾಹವನ್ನು ನಿಷೇಧಿಸುವ ೨೦೦೬ರ ಕಾಯಿದೆಯು ಬಂದ ಮೇಲೆಯೂ, ಬಡತನದಿಂದಾಗಲಿ ಗುಳೆಯಿಂದಾಗಲಿ ಲಗ್ನದ ಅವಸರದಿಂದಾಗಲಿ ಶಾಲೆಯನ್ನು ಬಿಡುವ ಅಂಚಿನಲ್ಲಿರುವ ಮಕ್ಕಳು ಇಂದಿಗೂ ಪ್ರತಿಯೊಂದು ತರಗತಿಯಲ್ಲಿ ಒಬ್ಬಿಬ್ಬರು ಇದ್ದೇ ಇರುವರು. ಅಂಥವರ ಮನೆಗೆ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಕೂಡಿ ಹೋಗಿ, ಹಿರಿಯರಿಗೆ ತಿಳಿಯಹೇಳಿ, ಪುಸ್ತಕದ ಖರ್ಚನ್ನೋ ವಸತಿಯ ಏರ್ಪಾಡನ್ನೋ ವಹಿಸಿಕೊಂಡು ಒಂದು ಮಗುವನ್ನು ಹತ್ತನೆಯ ತರಗತಿಯವರೆಗೆ ನಡೆಸಿದರೆ, ಅದೇ ನಿಜವಾದ ಗುರುವಂದನೆ. ಶಾಲು ಹಾರಗಳಿಂದ ಗುರುವಿಗೆ ಒಂದು ದಿನದ ಸಂತೋಷವಾಗುವದು. ಹಾಜರಿ ಪುಸ್ತಕದಲ್ಲಿಯ ಒಂದು ಹೆಸರು ಅಳಿಯದೆ ಉಳಿಯಿತೆಂದು ಕೇಳಿದರೆ ಅವನಿಗೆ ಜೀವಮಾನದ ತೃಪ್ತಿಯಾಗುವದು. ಸಮ್ಮಿಲನವನ್ನು ನಡೆಸಲಿರುವ ಸತೀರ್ಥ್ಯರು ಇದನ್ನು ವಿಚಾರಿಸುವರೆಂದು ಆಶಿಸುವೆನು.