ಊರವರ ಕಾಸು, ಬಡಗಿಯ ಕನಸು: ಮಾತ್ಸುಮೊಟೊದ ಕೈಚಿ ಶಾಲೆ

ರಸ್ತೆಯಿಂದ ನೋಡಿದರೆ ಪಾಶ್ಚಾತ್ಯ ಶೈಲಿಯ ಕಲ್ಲಿನ ಕಟ್ಟಡ. ಬಿಳಿ ಗೋಡೆ, ಮೂಲೆಗಳುದ್ದಕ್ಕೂ ಬೂದುಬಣ್ಣದ ಕಲ್ಲುಗಳು, ನೆತ್ತಿಯ ಮೇಲೆ ಎಂಟು ಮುಖದ ಗೋಪುರ. ಹತ್ತಿರ ಹೋದಾಗಲೇ ಗುಟ್ಟು ತಿಳಿಯುವುದು: ಗೋಡೆಗಳ ಒಳಗಿರುವುದು ಮರದ ಚೌಕಟ್ಟು, ಮೂಲೆಯ ಕಲ್ಲುಗಳು ಬರೀ ಗಾರೆ. ಬಾಗಿಲ ಮೇಲೆ ಕಣ್ಣು ಹಾಯಿಸಿದರೆ ಇನ್ನೊಂದು ಅಚ್ಚರಿ. ರೆಕ್ಕೆಯ ಇಬ್ಬರು ಪುಟಾಣಿ ದೇವದೂತರು ಶಾಲೆಯ ಹೆಸರಿನ ಫಲಕ ಹಿಡಿದಿದ್ದಾರೆ. ಅವರ ಕೆಳಗೆ ಮರದಲ್ಲಿ ಕೆತ್ತಿದ ಮೋಡಗಳು, ಅದಕ್ಕೂ ಕೆಳಗೆ ಡ್ರ್ಯಾಗನ್.

ಇದು ಜಪಾನಿನ ನಾಗಾನೊ ಪ್ರಾಂತ್ಯದ ಮಾತ್ಸುಮೊಟೊ ನಗರದಲ್ಲಿರುವ ಹಳೆಯ ಕೈಚಿ ಪ್ರಾಥಮಿಕ ಶಾಲೆ. 2019ರಲ್ಲಿ ಜಪಾನ್ ಇದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿತು. ಆಧುನಿಕ ಶಾಲಾ ಕಟ್ಟಡವೊಂದಕ್ಕೆ ಅಲ್ಲಿ ಈ ಗೌರವ ಸಂದದ್ದು ಅದೇ ಮೊದಲು.

ಮಂದಿರ ಹೋಗಿ ಶಾಲೆ ಬಂತು

1872ರಲ್ಲಿ ಜಪಾನನ್ನು ಆಳುತ್ತಿದ್ದ ಮೇಜಿ ಸರ್ಕಾರ ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂದು ಶಿಕ್ಷಣ ಕಾಯ್ದೆ ತಂದಿತು. ಮರುವರ್ಷವೇ ಮಾತ್ಸುಮೊಟೊದಲ್ಲಿ ಶಾಲೆ ಶುರುವಾಯಿತು. ಆಗ ಅದಕ್ಕೆ ಸ್ವಂತ ಸೂರಿರಲಿಲ್ಲ. ಬೌದ್ಧ ಮಂದಿರಗಳನ್ನು ಮುಚ್ಚಿಸುವ ಅಲೆ ಈ ಊರಿನಲ್ಲಿ ಜೋರಾಗಿ ಎದ್ದಿತ್ತು; ಆಳುವ ದೊರೆಯ ಮನೆತನದ ಜೆನ್‌ಕ್ಯೂಇನ್ ಮಂದಿರವನ್ನೂ ಮುಚ್ಚಿಸಲಾಗಿತ್ತು. ಹಾಗೆ ಬರಿದಾದ ಆ ಮಂದಿರದಲ್ಲೇ ಮಕ್ಕಳು ಮೊದಲ ಪಾಠ ಕಲಿತರು. ‘ಕೈಚಿ’ ಎಂದರೆ ಅರಿವು ತೆರೆಯುವುದು.

ಹೊಸ ಕಟ್ಟಡದ ಹೊಣೆ ಬಿದ್ದದ್ದು ಸ್ಥಳೀಯ ಬಡಗಿ ಮೇಸ್ತ್ರಿ ತಾತೆಇಶಿ ಕಿಯೊಶಿಗೆಯ ಹೆಗಲಿಗೆ. ಆತ ಟೋಕಿಯೊಗೆ ಹೋಗಿ ಅಲ್ಲಿ ಹೊಸದಾಗಿ ಎದ್ದಿದ್ದ ಪಾಶ್ಚಾತ್ಯ ಶೈಲಿಯ ಕಟ್ಟಡಗಳನ್ನು ಕಣ್ಣಾರೆ ಕಂಡು, ಪುಸ್ತಕದಲ್ಲಿ ಚಿತ್ರ ಬರೆದುಕೊಂಡು ಬಂದ. ಕಂಡದ್ದನ್ನು ತನ್ನ ಕೈಗೆ ಒಗ್ಗಿದ ಮರದಲ್ಲೂ ಗಾರೆಯಲ್ಲೂ ಮೂಡಿಸಿದ. ದೇವದೂತರ ಚಿತ್ರಕ್ಕೆ ಮಾದರಿಯಾದದ್ದು ಆ ಕಾಲದ ಒಂದು ಸಚಿತ್ರ ಪತ್ರಿಕೆಯ ಶೀರ್ಷಿಕೆ ಪಟ್ಟಿ. ಮುಚ್ಚಿಹೋದ ಮಂದಿರಗಳ ಹಳೆಯ ಮರವೂ ಶಾಲೆಯ ಕೆಲಸಕ್ಕೆ ಬಂತು. ಹೊರನಾಡಿನ ಶೈಲಿಯನ್ನು ಊರ ಕಸುಬಿನಲ್ಲಿ ಹೀಗೆ ಹೊಸದಾಗಿ ಕಟ್ಟುವ ಬಗೆಗೆ ಜಪಾನೀಯರು ‘ಗಿಯೋಫೂ’ ಎನ್ನುತ್ತಾರೆ. ಇದನ್ನು ನಕಲು ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಗೊತ್ತಿಲ್ಲದ ಲೋಕವನ್ನು ಗೊತ್ತಿರುವ ಉಳಿಯಿಂದ ಕೆತ್ತಿ ಅರಿತುಕೊಂಡ ಕೆಲಸವಿದು. ಅದೇ ಬಾಗಿಲಿನಿಂದ ಒಳಹೊಕ್ಕ ಮಕ್ಕಳು ಪುಸ್ತಕದಲ್ಲಿ ಮಾಡಲಿದ್ದದ್ದೂ ಅದನ್ನೇ.

1876ರಲ್ಲಿ ಮೆತೊಬಾ ನದಿಯ ದಂಡೆಯ ಮೇಲೆ ಕಟ್ಟಡ ಎದ್ದು ನಿಂತಿತು. ತಗುಲಿದ ವೆಚ್ಚ ಸುಮಾರು 11,000 ಯೆನ್. ಅದರಲ್ಲಿ ಹತ್ತಿರಹತ್ತಿರ ಶೇ 70ರಷ್ಟನ್ನು ಊರವರೇ ವಂತಿಗೆ ಎತ್ತಿ ಕೊಟ್ಟರು. ಆ ಕಾಲದ ಸಾಮಾನ್ಯರಿಗೆ ಅದು ಸಣ್ಣ ಮೊತ್ತವಲ್ಲ.

ಬೆನ್ನ ಮೇಲೆ ಕೂಸು, ಕೈಯಲ್ಲಿ ಪುಸ್ತಕ

ಹೊರಗಿನ ಚೆಲುವಿನಷ್ಟೇ ದೊಡ್ಡದು ಒಳಗೆ ನಡೆದ ಪಾಠದ ಕಥೆ. ಬೇರೆಯವರ ಹಸುಗೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ದುಡಿಯುತ್ತಿದ್ದ ಬಡ ಹುಡುಗಿಯರಿಗೆ ಮಾತ್ಸುಮೊಟೊದ ಶಾಲೆ ಪ್ರತ್ಯೇಕ ತರಗತಿ ನಡೆಸಿತು. ಕೂಸು ಬೆನ್ನ ಮೇಲಿದ್ದಂತೆಯೇ ಅವರು ಅಕ್ಷರ ಕಲಿತರು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೂ 1890ರಲ್ಲೇ ವಿಶೇಷ ತರಗತಿ ತೆರೆಯಿತು. ಊರವರ ಕಾಸಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಒಪ್ಪಿಸುವುದು ಹೇಗೆ?

ಎರಡು ಬಾರಿ ಮರುಜೀವ

ಸುಮಾರು 90 ವರ್ಷ ಇಲ್ಲಿ ಪಾಠದ ಸದ್ದು ಕೇಳಿಸಿತು. ನದಿ ಪಕ್ಕದಲ್ಲೇ ಇದ್ದುದರಿಂದ ಪ್ರವಾಹದ ಕಾಟ ತಪ್ಪಲಿಲ್ಲ. ಕಾಲಕಾಲಕ್ಕೆ ಆದ ಮಾರ್ಪಾಡುಗಳಿಂದ ಮೂಲ ರೂಪವೂ ಅಲ್ಲಲ್ಲಿ ಬದಲಾಗಿತ್ತು. 1961ರಲ್ಲಿ ಸರ್ಕಾರ ಇದನ್ನು ಮಹತ್ವದ ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿತು. ನದಿ ಅಗಲಿಸುವ ಕಾಮಗಾರಿಗೆ ಜಾಗ ಬಿಡಬೇಕಾದಾಗ ಊರು ಶಾಲೆಯನ್ನು ಕೈಬಿಡಲಿಲ್ಲ. 1963-64ರಲ್ಲಿ ಕಟ್ಟಡವನ್ನು ಬಿಚ್ಚಿ, ಈಗಿರುವ ಜಾಗಕ್ಕೆ ತಂದು, ತಾತೆಇಶಿ ಕಟ್ಟಿದ ಕಾಲದ ರೂಪಕ್ಕೆ ಮರಳಿಸಿ ನಿಲ್ಲಿಸಲಾಯಿತು. ಮರದ ಕಟ್ಟಡ ಆದ್ದರಿಂದಲೇ ಇದು ಸಾಧ್ಯವಾಯಿತು: ತೊಲೆಯಿಂದ ತೊಲೆ, ಕಂಬದಿಂದ ಕಂಬ ಕಳಚಿ ಮತ್ತೆ ಜೋಡಿಸಬಹುದು. 1965ರಿಂದ ಅದು ಶಿಕ್ಷಣ ವಸ್ತುಸಂಗ್ರಹಾಲಯ. ಹಳೆಯ ಪಠ್ಯಪುಸ್ತಕ, ಬೆಂಚು, ಶಾಲೆಯ ದಾಖಲೆಗಳು ಅಲ್ಲಿ ಜೋಪಾನವಾಗಿವೆ.

ಭೂಕಂಪದ ನಾಡಿನಲ್ಲಿ ಇಷ್ಟೇ ಸಾಲದು. ಕಟ್ಟಡ ದೊಡ್ಡ ನಡುಕವನ್ನು ತಾಳಲಾರದೆಂದು ತಿಳಿದ ಮೇಲೆ 2021ರಲ್ಲಿ ಸಂದರ್ಶಕರಿಗೆ ಬಾಗಿಲು ಮುಚ್ಚಿ, ಅದನ್ನು ಬಲಪಡಿಸುವ ಕೆಲಸ ಕೈಗೊಂಡರು. 2024ರ ನವೆಂಬರ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು. ಬಿಳಿ ಗೋಡೆ, ಗೋಪುರ, ದೇವದೂತರು ಎಲ್ಲವೂ ಮೊದಲಿನಂತೆಯೇ ಇವೆ. ದುರಸ್ತಿಯ ನೆಪದಲ್ಲಿ ಹಳೆಯದರ ಮುಖ ಅಳಿಸದೆ ಅದರ ಮೈಗೆ ಕಸುವು ತುಂಬುವುದೇ ನಿಜವಾದ ಜೀರ್ಣೋದ್ಧಾರ.

ಹೋಗುವುದು ಹೇಗೆ?

ಟೋಕಿಯೊದ ಶಿಂಜುಕು ನಿಲ್ದಾಣದಿಂದ ‘ಅಜುಸಾ’ ಎಕ್ಸ್‌ಪ್ರೆಸ್ ರೈಲಿನಲ್ಲಿ ಮಾತ್ಸುಮೊಟೊಗೆ ಎರಡೂವರೆ ಗಂಟೆಯ ಹಾದಿ. ಪ್ರಸಿದ್ಧ ಕರಿಬಣ್ಣದ ಕೋಟೆಯನ್ನು ನೋಡಿಕೊಂಡು ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಶಾಲೆ ಸಿಗುತ್ತದೆ. ಬಾಗಿಲು ತೆರೆದಿರುವ ಹೊತ್ತು ನೋಡಿಕೊಂಡು ಹೋಗಿ. ಪಕ್ಕದಲ್ಲೇ ಈಗಿನ ಕೈಚಿ ಪ್ರಾಥಮಿಕ ಶಾಲೆ ಇದೆ. 1873ರಲ್ಲಿ ಮಂದಿರದಲ್ಲಿ ಶುರುವಾದ ಪಾಠ ಅಲ್ಲಿ ಇಂದಿಗೂ ಮುಂದುವರಿದಿದೆ.