ಭಾರದ ಕಲ್ಲೂ ಜಾರುತ್ತದೆ

ಹುನಗುಂದ, ಇಳಕಲ್ ಮಾರ್ಗವಾಗಿ ಹೋಗುವ ಹೆದ್ದಾರಿಯಲ್ಲಿ ನಸುಗೆಂಪು ಗ್ರಾನೈಟ್ ದಿಮ್ಮಿಗಳನ್ನು ಹೊತ್ತ ಲಾರಿಗಳನ್ನು ನೀವು ನೋಡಿರಬಹುದು. ಇಳಕಲ್ಲಿನ ಈ ಕಲ್ಲು ಬಂದರು ಸೇರಿ ಹಡಗನ್ನೂ ಏರುತ್ತದೆ. ‘ಇಷ್ಟು ಭಾರದ ಕಲ್ಲು ಎಲ್ಲಿಗೆ ಹೋದೀತು? ಕಟ್ಟುವುದೇಕೆ?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ದೊಡ್ಡವರೂ ಹಾಗೆಯೇ ನಂಬಿರುತ್ತಾರೆ.

2.5 ಮೀಟರ್ ಉದ್ದ, 1.6 ಮೀಟರ್ ಅಗಲ, 1.5 ಮೀಟರ್ ಎತ್ತರದ ದಿಮ್ಮಿಯ ಗಾತ್ರ 6 ಘನ ಮೀಟರ್. ಗ್ರಾನೈಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2.7 ಟನ್, ಅಂದರೆ ದಿಮ್ಮಿಯ ತೂಕ 16 ಟನ್ನಿಗೂ ಹೆಚ್ಚು. ಇಳಿಜಾರಿನಲ್ಲಿ ಅದನ್ನು ಕೆಳಗೆ ಎಳೆಯುವ ಬಲ ತೂಕಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತಡೆಯುವ ಘರ್ಷಣೆಯೂ ಹಾಗೆಯೇ. ಹೀಗಾಗಿ ಲೆಕ್ಕದಲ್ಲಿ ತೂಕ ಹೊಡೆದುಹೋಗುತ್ತದೆ. ಇಳಿಜಾರಿನ ಕೋನದ ಟ್ಯಾಂಜೆಂಟ್ ಬೆಲೆ ಘರ್ಷಣಾ ಗುಣಾಂಕವನ್ನು ಮೀರಿದೊಡನೆ ಕಿಲೋ ತೂಕದ ಕಲ್ಲೂ ಜಾರುತ್ತದೆ, 16 ಟನ್ನಿನದೂ ಜಾರುತ್ತದೆ.

ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯ ಸರಕು ಭದ್ರತಾ ಸಂಹಿತೆಯು ಉಕ್ಕಿನ ಮೇಲೆ ಉಕ್ಕಿಗೆ, ಒಣಗಿದ್ದರೆ 0.1, ಒದ್ದೆಯಾಗಿದ್ದರೆ ಸೊನ್ನೆ ಎಂದೇ ಗುಣಾಂಕವನ್ನು ಹಿಡಿಯುತ್ತದೆ. ಉಕ್ಕು ಮತ್ತು ಮರದ ನಡುವೆ ಅದು 0.3. ಇದಕ್ಕೆ ಹೊಂದುವ ಕೋನಗಳು ಸುಮಾರು 6 ಮತ್ತು 17 ಡಿಗ್ರಿ. ಹಡಗಿನ ಉಕ್ಕಿನ ತಳದ ಮೇಲೆ ಕಲ್ಲನ್ನು ನೇರವಾಗಿ ಇಡದೆ ಮರದ ಹಲಗೆ ಹಾಸುವುದಕ್ಕೆ ಇದೊಂದು ಕಾರಣ. ಹಲಗೆಗಳು ಭಾರವನ್ನೂ ಹರಡುತ್ತವೆ. ಮೇಲಿನ ದಿಮ್ಮಿ ಪ್ರತಿ ಚದರ ಮೀಟರಿಗೆ 4 ಟನ್ ಹೇರುತ್ತದೆ; ಗಣಿಯಲ್ಲಿ ಸೀಳಿದ ಅದರ ತಳ ಉಬ್ಬುತಗ್ಗಾಗಿದ್ದರೆ ಆ ಭಾರವೆಲ್ಲ ಎರಡು ಮೂರು ಬಿಂದುಗಳ ಮೇಲೆಯೇ ಬೀಳುತ್ತದೆ.

ಆದರೆ ಬಿರುಗಾಳಿಯಲ್ಲಿ ಹಡಗು 30 ಡಿಗ್ರಿಯವರೆಗೂ ವಾಲಬಲ್ಲದು. ಹಲಗೆಯೊಂದೇ ಸಾಲದು. ದಿಮ್ಮಿಗಳ ನಡುವಿನ ಸಂದುಗಳಿಗೆ ಮರದ ತುಂಡುಗಳನ್ನು ಬಿಗಿದು, ಉಕ್ಕಿನ ಹಗ್ಗ ಅಥವಾ ಸರಪಳಿಯಿಂದ ಕಟ್ಟಬೇಕು. ಸಂಹಿತೆಯ ಸ್ಥೂಲ ನಿಯಮ ಹೀಗಿದೆ: ಒಂದು ಪಕ್ಕದ ಕಟ್ಟುಗಳ ಒಟ್ಟು ಸುರಕ್ಷಿತ ಬಲ ಸರಕಿನ ತೂಕಕ್ಕೆ ಸಮನಾಗಿರಬೇಕು. 4 ಟನ್ ತಾಳುವ ಕಟ್ಟಾದರೆ ನಮ್ಮ ದಿಮ್ಮಿಗೆ ಪ್ರತಿ ಪಕ್ಕಕ್ಕೆ ಐದು ಬೇಕು. ನಾಲ್ಕು ಹಾಕಿದರೆ 16ಕ್ಕೇ ನಿಲ್ಲುತ್ತದೆ. ನೆಲದಿಂದ 60 ಡಿಗ್ರಿಗಿಂತ ಕಡಿದಾಗಿ ಏರಿದ ಕಟ್ಟನ್ನು ಅಡ್ಡಜಾರಿಕೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮರದ ದಿಮ್ಮಿಗಳ ತೊಂದರೆ ಬೇರೆ. ಅವನ್ನು ಹಡಗಿನ ಮೇಲಟ್ಟದಲ್ಲಿ ಪೇರಿಸುವುದುಂಟು. ಆಗ ಗುರುತ್ವ ಕೇಂದ್ರ ಮೇಲೇರುತ್ತದೆ. ಮರ ನೀರು ಹೀರಿದರೆ ಇನ್ನಷ್ಟು. ವಾಲಿದ ಹಡಗು ನಿಧಾನವಾಗಿ ನೆಟ್ಟಗಾಗುತ್ತದೆ. ಕಲ್ಲು ತಳದಲ್ಲೇ ಕೂರುವುದರಿಂದ ಹಡಗು ಬಲು ಸ್ಥಿರ, ಆದರೆ ಓಲಾಟ ಚುರುಕು. ಪ್ರತಿ ಓಲಾಟದ ಕೊನೆಗೂ ಕಟ್ಟುಗಳಿಗೆ ಜೋರಾದ ಜಗ್ಗು. ಅತಿ ಸ್ಥಿರತೆಯೂ ಅಪಾಯ ಎಂಬುದು ವಿಚಿತ್ರವೆನಿಸಬಹುದು.

ಲಾರಿಯಲ್ಲೂ ಇದೇ ನಿಯಮ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ವೇಗ ಇಳಿಯುವ ದರ ಗುರುತ್ವ ವೇಗೋತ್ಕರ್ಷದ ಅರ್ಧದಷ್ಟಾಗಬಹುದು, 0.3ರ ಘರ್ಷಣೆ ಅದನ್ನು ತಡೆಯದು. ಕಟ್ಟದ ದಿಮ್ಮಿ ಮುಂದೆ ಜಾರಿದರೆ ಎದುರಿಗಿರುವುದು ಚಾಲಕನ ಕೋಣೆ.

ತರಗತಿಯಲ್ಲಿ ಉಕ್ಕಿನ ತಟ್ಟೆಯೊಂದನ್ನು ಓರೆಯಾಗಿ ಎತ್ತುತ್ತ, ಒಂದೇ ಹಲಗೆಯಿಂದ ಕೊಯ್ದ ಸಣ್ಣ, ದೊಡ್ಡ ಗ್ರಾನೈಟ್ ತುಂಡುಗಳು ಯಾವ ಕೋನದಲ್ಲಿ ಜಾರುತ್ತವೆಂದು ಅಳೆಯಿರಿ. ಆಮೇಲೆ ತಟ್ಟೆಯ ಮೇಲೆ ನೀರು ಚಿಮುಕಿಸಿ ಮತ್ತೊಮ್ಮೆ ಅಳೆಯಿರಿ.