ಕಣಿವೆಯ ಊರು, ಗಣತಿಯ ಗ್ರಾಮ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನೆಲ ಮತ್ತು ಜನವಸತಿ

ಉತ್ತರ ಕನ್ನಡ ಜಿಲ್ಲೆಯನ್ನು ಅಲ್ಲಿನ ಜನರು ರೂಢಿಯಲ್ಲಿ ಘಟ್ಟದ ಕೆಳಗೆ, ಘಟ್ಟದ ಮೇಲೆ ಎಂದು ಎರಡಾಗಿ ವಿಂಗಡಿಸುತ್ತಾರೆ. ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳು ಘಟ್ಟದ ಮೇಲಿನ ಸೀಮೆಗೆ ಸೇರಿವೆ. 2011ರ ಜನಗಣತಿಯ ಪ್ರಕಾರ ಈ ಮೂರು ತಾಲ್ಲೂಕುಗಳ ಒಟ್ಟು ಜನಸಂಖ್ಯೆ ಸುಮಾರು 3.6 ಲಕ್ಷ, ಇದು ಜಿಲ್ಲೆಯ 14,37,169 ಜನರಲ್ಲಿ ಕಾಲುಭಾಗದಷ್ಟಾಗುತ್ತದೆ. ಇದರಲ್ಲಿ ಅರ್ಧದಷ್ಟು ಜನರು ಶಿರಸಿ ತಾಲ್ಲೂಕಿನವರು. ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಜನಸಂಖ್ಯೆ ತಲಾ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಎಷ್ಟು ಜನರಿದ್ದಾರೆ ಎಂಬುದನ್ನು ಈ ಅಂಕಿಗಳು ತಿಳಿಸುತ್ತವೆ. ಅವರು ಎಲ್ಲಿ, ಹೇಗೆ ನೆಲೆಸಿದ್ದಾರೆ ಎಂಬುದನ್ನು ಅರಿಯಲು ನೆಲದ ಸ್ವರೂಪವನ್ನೂ ಊರು ಎಂಬ ಮಾತಿಗೆ ಜನಪದರು ಕೊಡುವ ಅರ್ಥವನ್ನೂ ಪರಿಶೀಲಿಸಬೇಕಾಗುತ್ತದೆ.

ನೆಲ ಮತ್ತು ನೀರು

ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿರುವ ಈ ಸೀಮೆಯು ನೀರು ಕವಲೊಡೆಯುವ ನೆಲವಾಗಿದೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯು ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಧುಮುಕಿ ಕುಮಟಾ ಸಮೀಪ ಕಡಲನ್ನು ಸೇರುತ್ತದೆ. ಯಲ್ಲಾಪುರದ ಬೇಡ್ತಿಯು ಮಾಗೋಡಿನಲ್ಲಿ ಜಲಪಾತವಾಗಿ ಇಳಿದು, ಮುಂದೆ ಗಂಗಾವಳಿ ಎಂಬ ಹೆಸರು ಪಡೆಯುತ್ತದೆ. ಬನವಾಸಿಯನ್ನು ಬಳಸಿ ಹರಿಯುವ ವರದೆಯು ಮಾತ್ರ ಪೂರ್ವಾಭಿಮುಖವಾಗಿ ತುಂಗಭದ್ರೆಯನ್ನು ಕೂಡುತ್ತದೆ. ಪಶ್ಚಿಮದ ಅಂಚಿನಲ್ಲಿ ಕಡಿದಾದ ಕಣಿವೆ ಮತ್ತು ದಟ್ಟ ಕಾಡು, ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗಿ ಬಯಲಿನ ಭತ್ತದ ಗದ್ದೆಗಳು ಕಾಣಿಸುತ್ತವೆ.

ಈ ವ್ಯತ್ಯಾಸವು ಜನವಸತಿಯಲ್ಲಿಯೂ ಪ್ರತಿಫಲಿಸಿದೆ. ಬನವಾಸಿಯ ಕಡೆ ಮನೆಗಳು ಗುಂಪಾಗಿದ್ದು ಬಯಲುಸೀಮೆಯ ಹಳ್ಳಿಯನ್ನು ಹೋಲುತ್ತವೆ. ಪಶ್ಚಿಮದಲ್ಲಿ ಊರೆಂದರೆ ಒಂದು ಕಣಿವೆ: ತಳದಲ್ಲಿ ಅಡಿಕೆ ತೋಟ, ಅದರ ಅಂಚಿನಲ್ಲಿ ಮನೆ, ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ದರಕುಗಳಿಗಾಗಿ ಒಂದು ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆವರೆಗೆ ಬೆಟ್ಟ ಬಿಡುವ ಪದ್ಧತಿಯು ಬ್ರಿಟಿಷರ ಆಳ್ವಿಕೆಯಲ್ಲಿ ನೆಲೆಗೊಂಡಿತು. ಹೀಗಾಗಿ ನಾಲ್ಕು ಮನೆಗಳ ಊರಿಗೂ ವಿಸ್ತಾರವಾದ ನೆಲದ ಆಶ್ರಯ ಬೇಕಾಯಿತು. ಈ ಆಶ್ರಯವು ಎಷ್ಟು ನಾಜೂಕಾದದ್ದೆಂಬುದನ್ನು 2021ರ ಜುಲೈ ತಿಂಗಳ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಸಂಭವಿಸಿದ ಭೂಕುಸಿತವು ತೋರಿಸಿಕೊಟ್ಟಿತು.

ಸ್ಥಳನಾಮಗಳು ಈ ವಿನ್ಯಾಸಕ್ಕೆ ಸಾಕ್ಷಿಯಾಗಿವೆ. ಕೊಡ್ನಗದ್ದೆ, ಜಾನ್ಮನೆ, ದೊಡ್ಮನೆ, ದಾಸನಕೊಪ್ಪ ಮುಂತಾದ ಹೆಸರುಗಳಲ್ಲಿ ಗದ್ದೆ, ಮನೆ, ಕೊಪ್ಪಗಳು ಊರಿನ ಮೂಲಘಟಕಗಳಾಗಿ ಉಳಿದುಕೊಂಡಿವೆ.

ಜನ

ಹವ್ಯಕರು, ದೀವರೆಂದೂ ಕರೆಯಲ್ಪಡುವ ನಾಮಧಾರಿಗಳು ಮತ್ತು ಕರೆ ಒಕ್ಕಲಿಗರು ಈ ಸೀಮೆಯ ಪ್ರಮುಖ ಕೃಷಿ ಸಮುದಾಯಗಳು. ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿ, ಕುಣಬಿ ಹಾಗೂ ಗೌಳಿಗರ ನೆಲೆಗಳಿವೆ. ಆಫ್ರಿಕಾ ಮೂಲದ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ದಾಸ್ಯವನ್ನು ತೊರೆದು ಈ ಕಾಡುಗಳನ್ನು ಸೇರಿದವರು. ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಎಮ್ಮೆ ಸಾಕಣೆಯನ್ನು ನಂಬಿ ಮರಾಠಿ ಸೀಮೆಯಿಂದ ಬಂದ ಗೌಳಿಗರಿಗೆ ಈ ಮಾನ್ಯತೆ ದೊರೆತಿಲ್ಲ.

ಗಣತಿಯ ಗ್ರಾಮ

ಜನಗಣತಿಯು ಕಂದಾಯ ಗ್ರಾಮವನ್ನು ಘಟಕವಾಗಿ ಸ್ವೀಕರಿಸುತ್ತದೆ. ಒಂದು ಕಂದಾಯ ಗ್ರಾಮದಲ್ಲಿ ಹಲವು ಮಜರೆಗಳೂ ಕೇರಿಗಳೂ ಅಡಗಿರುತ್ತವೆ. ತೋಟದ ಸಾಲಿನ ಮನೆಗಳೂ ಗುಡ್ಡದಾಚೆಯ ಐದಾರು ಸಿದ್ದಿ ಮನೆಗಳೂ ಒಂದೇ ಅಂಕಿಯಲ್ಲಿ ಬೆರೆತುಹೋಗುತ್ತವೆ. ಜನಪದರ ಊರು ಹಾಗಲ್ಲ. ಅದಕ್ಕೆ ತನ್ನದೇ ಚೌಡಿ, ತನ್ನದೇ ಹುಲಿದೇವರು, ತನ್ನದೇ ಬಾವಿ, ತನ್ನದೇ ಮಸಣ ಇರುತ್ತವೆ. ವರ್ಷಕ್ಕೊಮ್ಮೆ ಒಂದು ಕಲ್ಲಿಗೆ ಯಾವ ಯಾವ ಮನೆಯವರು ಕಾಯಿ ಒಡೆಯುತ್ತಾರೆಂಬುದನ್ನು ತಿಳಿದರೆ ಊರಿನ ಎಲ್ಲೆಯು ತಾನಾಗಿ ಸ್ಪಷ್ಟವಾಗುತ್ತದೆ.

ಈ ವ್ಯತ್ಯಾಸವು ಪಾಂಡಿತ್ಯದ ಚರ್ಚೆಗಷ್ಟೇ ಸೀಮಿತವಾದುದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯನ್ನು ಅನುಭೋಗಿಸುತ್ತಿರುವುದನ್ನು ತೋರಿಸಬೇಕು. ಗೌಳಿಗರಂತಹ ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ಕಾಗದದಲ್ಲಿ ಊರೇ ಇಲ್ಲದವರಿಗೆ ಇದು ಕಠಿಣವಾದ ಷರತ್ತು. ಆದರೆ 2008ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು ಹಿರಿಯರ ಬರೆದುಕೊಂಡ ಹೇಳಿಕೆಯನ್ನೂ, ಬಾವಿ, ಮಸಣ, ಪವಿತ್ರಸ್ಥಳಗಳಂತಹ ಹಳೆಯ ಕುರುಹುಗಳನ್ನೂ ಸಾಕ್ಷ್ಯವಾಗಿ ಪರಿಗಣಿಸುತ್ತವೆ. ಜಾನಪದ ಕ್ಷೇತ್ರಕಾರ್ಯದಲ್ಲಿ ದಾಖಲಾಗುವ ಸಾಮಗ್ರಿಯೂ ಇದೇ ಆಗಿದೆ.

ಆದುದರಿಂದ ಈ ಸೀಮೆಯ ಜಾನಪದ ಸಂಗ್ರಹಗಳು ಹಾಡು, ಕಥೆ, ಆಚರಣೆಗಳನ್ನು ತಾಲ್ಲೂಕು ಮತ್ತು ಗ್ರಾಮಗಳ ಹೆಸರಿನಲ್ಲಿ ಮಾತ್ರ ನಮೂದಿಸಿದರೆ ಸಾಲದು. ಮಜರೆ, ಕೇರಿ ಹಾಗೂ ದೈವದ ನೆಲೆಗಳನ್ನು ಹೆಸರಿಸಿ ದಾಖಲಿಸುವುದು ಅವಶ್ಯ. ವಿದ್ಯೆ, ಉದ್ಯೋಗಗಳಿಗಾಗಿ ತರುಣರು ನಗರಗಳಿಗೆ ಹೋಗಿ, ತೋಟದ ಮನೆಗಳಲ್ಲಿ ವಯಸ್ಸಾದವರಷ್ಟೇ ಉಳಿಯುತ್ತಿರುವ ಈ ಕಾಲದಲ್ಲಿ, ಯಾವ ಕಲ್ಲು ಯಾವ ಕೇರಿಯದೆಂದು ಹೇಳಬಲ್ಲವರ ಸಂಖ್ಯೆಯೂ ಕುಗ್ಗುತ್ತಿದೆ. ಅವರಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.